‘ಕಸುಬು ಬಲ್ಲವ’ನನ್ನು ಹುಡುಕಿಕೊಂಡು ಬೀದರಿಗೆ

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸಿನಲ್ಲಿ ದಿನವಿಡೀ ಬರೆಯೋದೇ ಕೆಲಸ, ಮನೆಗೆ ಬಂದ ಮೇಲೆ ಮತ್ತೆ ಕೀಲಿಮಣೆ ಕುಟ್ಟಲು ಬೆರಳುಗಳು ಒಪ್ಪುವುದಿಲ್ಲ. ಆದರೆ ಈ ಸಲ ಒಂದು ವಾಕ್ಯದ ಬಗ್ಗೆ ಹೇಳದೆ ಇರಲಾಗುತ್ತಿಲ್ಲ. ಬೇರೆ ಯಾರದ್ದೋ ಅಲ್ಲ, ನಾನೇ ಬರೆದದ್ದು. ಸುಳ್ಳು ವಾಕ್ಯ.

ನನ್ನ ಕೆಲಸ ಏನು ಅಂತ ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ‘ಕಂಪ್ಯೂಟರ್ ಮುಂದೆ ಕೂತಿರ್ತಾನೆ’ ಅಂತ ಅಪ್ಪ ಹೇಳಿ ಮುಗಿಸುತ್ತಾರೆ. ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ಪೇಟೆಂಟ್ ಅರ್ಜಿಗಳ ಕೆಲಸ ಮಾಡುತ್ತೇನೆ. ಯಾರೋ ಹೊಸದೇನೋ ಕಂಡುಹಿಡಿಯುತ್ತಾರೆ, ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ 18 ತಿಂಗಳಿಗೆ ಅದು ಪ್ರಕಟವಾಗುತ್ತದೆ. ಆಮೇಲೆ ಪರೀಕ್ಷಕರು ಅದನ್ನು ಓದಿ, ‘ಇದರಲ್ಲಿ ಹೊಸದೇನಿದೆ?’ ಅಂತ ಕೇಳಿ ಒಂದು ವರದಿ ಕಳಿಸುತ್ತಾರೆ. ಮೊದಲ ಪರೀಕ್ಷಾ ವರದಿ ಅಂತ ಅದರ ಹೆಸರು. ಉತ್ತರ ಕೊಡಲು ಆರು ತಿಂಗಳು. ಆ ಉತ್ತರದ ಕರಡು ಬರೆಯುವವರಲ್ಲಿ ನಾನೂ ಒಬ್ಬ.

ಈ ಕಸುಬಿನಲ್ಲಿ ಒಬ್ಬ ವಿಚಿತ್ರ ಮನುಷ್ಯ ಇದ್ದಾನೆ. ಪ್ರತಿ ಉತ್ತರದಲ್ಲೂ ಬರುತ್ತಾನೆ. ಕಾನೂನಿನ ಭಾಷೆಯಲ್ಲಿ ‘ಆ ಕಲೆಯಲ್ಲಿ ಪರಿಣತಿ ಇರುವ ವ್ಯಕ್ತಿ’. ನಾನು ಮನಸ್ಸಿನಲ್ಲೇ ಅವನಿಗೆ ‘ಕಸುಬು ಬಲ್ಲವ’ ಅಂತ ಹೆಸರಿಟ್ಟಿದ್ದೇನೆ. ಅವನಿಗೆ ಸಹಜವಾಗಿ ಹೊಳೆಯಬಹುದಾದದ್ದಕ್ಕೆ ಪೇಟೆಂಟ್ ಇಲ್ಲ. ಅವನಿಗೂ ಹೊಳೆಯದ್ದನ್ನು ನೀವು ಮಾಡಿದ್ದರೆ ಮಾತ್ರ ಉಂಟು. ಅವನಿಗೆ ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ. ನೂರಾರು ಪುಟಗಳಲ್ಲಿ ಅವನ ಪರವಾಗಿ ‘ಅವನಿಗೆ ಇದು ತಿಳಿದಿರಲು ಸಾಧ್ಯವಿಲ್ಲ’ ಅಂತ ಬರೆದಿದ್ದೇನೆ. ಒಂದು ಸಲವೂ ಅವನನ್ನು ನೋಡಿರಲಿಲ್ಲ.

ಕಳೆದ ವರ್ಷದ ಕೊನೆಗೆ ಬಂದ ಫೈಲು ಸಿರಾಮಿಕ್ ಪುಡಿಯದ್ದು. ಯಾರ ಅರ್ಜಿ ಅಂತ ಹೇಳುವಂತಿಲ್ಲ, ವಿವರಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ವಿಷಯ ಮಾತ್ರ ಇದೇ: ಸಿರಾಮಿಕ್ ಪುಡಿಯನ್ನು ಅಚ್ಚಿಗೆ ಹಾಕಲು ಬೇಕಾದ ಹದದ ಮಿಶ್ರಣ.

ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದ್ದು ಹೀಗೆ. ಗೋಧಿ ಹಿಟ್ಟಿಗೆ ತನ್ನದೇ ಜಿಗಿ ಇರುತ್ತದೆ, ತಣ್ಣೀರು ಹಾಕಿ ನಾದಿದರೂ ಸಾಕು. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ಕುದಿಯುವ ಎಸರು ಹಾಕಿ ಜಿಗಿ ಬರಿಸಬೇಕು, ಇಲ್ಲದಿದ್ದರೆ ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಅಲ್ಯುಮಿನಾ, ಜಿರ್ಕೋನಿಯಾ ಇಂಥ ಸಿರಾಮಿಕ್ ಪುಡಿಗಳು ಜೋಳದ ಹಿಟ್ಟಿಗಿಂತ ಕಡೆ. ಅವುಗಳಿಗೆ ಮೇಣ, ಪ್ಲಾಸ್ಟಿಕ್, ರಾಳ ಏನಾದರೂ ಸೇರಿಸಿ ಜಿಗಿ ಬರಿಸಬೇಕು. ಪುಡಿಯ ಕಣಗಳು ಒಂದರ ಮೇಲೊಂದು ಜಾರಲಿ ಅಂತ ಸ್ಟಿಯರಿಕ್ ಆಮ್ಲದಂಥ ಎಣ್ಣೆ ಜಾತಿಯ ಪದಾರ್ಥ ಚೂರು ಬೇಕು. ಬಿಸಿ ಮಾಡಿದರೆ ಈ ಮಿಶ್ರಣ ದಪ್ಪ ಪಾಕದ ಹಾಗೆ ಹರಿಯುತ್ತದೆ, ಒತ್ತಡದಿಂದ ಅಚ್ಚಿನೊಳಗೆ ನುಗ್ಗಿಸುತ್ತಾರೆ.

‘ಅಷ್ಟೇ ಏನು?’ ಅಂದಳು ಅವ್ವ.

ಅಷ್ಟೇ ಅಲ್ಲ, ನಿಜವಾದ ಕಷ್ಟ ಆಮೇಲೆ. ಅಚ್ಚಿನಿಂದ ತೆಗೆದ ತುಣುಕಿನಲ್ಲಿ ಗಾತ್ರದ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸಿರಾಮಿಕ್, ಮಿಕ್ಕಿದ್ದೆಲ್ಲ ಅಂಟು. ಆ ಅಂಟನ್ನು ನಿಧಾನಕ್ಕೆ ಕಾಯಿಸಿ ಹೊರಗೆ ಕಳಿಸಬೇಕು. ಅವಸರ ಮಾಡಿದರೆ ಒಳಗಿನ ಆವಿ ದಾರಿ ಸಿಗದೆ ತುಣುಕು ಉಬ್ಬುತ್ತದೆ, ಬಿರಿಯುತ್ತದೆ. ಇದಕ್ಕೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಅದಾದ ಮೇಲೆ ಭಟ್ಟಿ. ಅಲ್ಯುಮಿನಾ ಆದರೆ 1600 ಡಿಗ್ರಿಯ ಆಸುಪಾಸು. ಆಗ ತುಣುಕು ಉದ್ದಗಲದಲ್ಲಿ ಸುಮಾರು ಶೇ. 15ರಿಂದ 20ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಕಾರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗವನ್ನು ಹೀಗೆ ಮಾಡುವ ಪ್ರಯತ್ನ ಅಮೆರಿಕದಲ್ಲಿ ಎರಡನೇ ಮಹಾಯುದ್ಧಕ್ಕೂ ಮೊದಲೇ ಶುರುವಾಗಿತ್ತು. ಅಂದರೆ ಪುಡಿಗೆ ಅಂಟು ಬೆರೆಸುವುದು ಹೊಸದೇನಲ್ಲ. ಯಾವ ಅಂಟು, ಎಷ್ಟು, ಯಾವ ಕ್ರಮದಲ್ಲಿ ಹೊರಗೆ ಹೋಗಬೇಕು ಅನ್ನುವುದರ ಮೇಲೆಯೇ ಪೇಟೆಂಟ್‌ಗಳ ರಾಶಿ ಬಿದ್ದಿದೆ.

ನಮ್ಮ ಕಕ್ಷಿದಾರರ ಮಿಶ್ರಣದಲ್ಲಿ ಪೆಟ್ರೋಲಿಯಂ ಮೇಣದ ಬದಲು ಎರಡು ವಸ್ತು ಇದ್ದವು: ಹರಳೆಣ್ಣೆಯಿಂದ ತೆಗೆದ ಒಂದು ಮೇಣ ಮತ್ತು ಮರದ ರಾಳ. ಹರಳೆಣ್ಣೆ ಅಂದರೆ ನಮ್ಮ ಕಡೆಯ ಔಡಲೆಣ್ಣಿ.

ಪರೀಕ್ಷಕರ ವರದಿ ಬಂತು. ಮೂರು ತಕರಾರು. ಒಂದು, ಹಳೆಯ ಎರಡು ಪೇಟೆಂಟ್ ಸೇರಿಸಿ ಓದಿದರೆ ‘ಕಸುಬು ಬಲ್ಲವ’ನಿಗೆ ಇದು ಹೊಳೆಯುತ್ತದೆ. ಎರಡು, ಕಲಂ 3(ಇ) ಪ್ರಕಾರ ಇದು ಬರೀ ಬೆರಕೆ. ಅಕ್ಕಿಗೆ ಬೇಳೆ ಬೆರೆಸಿದರೆ ಅಕ್ಕಿಯ ಗುಣ ಅಕ್ಕಿಗೆ, ಬೇಳೆಯ ಗುಣ ಬೇಳೆಗೆ. ಎರಡೂ ಸೇರಿ ಮೂರನೆಯದೊಂದು ಗುಣ ಹುಟ್ಟಿದೆ ಅಂತ ತೋರಿಸದೆ ಪೇಟೆಂಟ್ ಇಲ್ಲ. ಮೂರು, ಇನ್ನೊಬ್ಬ ಓದಿ ಮಾಡಬಲ್ಲಷ್ಟು ವಿವರಣೆ ಇಲ್ಲ.

ಮೂರು ದಿನ ಕೂತು ಹುಡುಕಿದೆ. ಜಪಾನಿನದ್ದು, ಜರ್ಮನಿಯದ್ದು, ಅಮೆರಿಕದ್ದು, ಸಿಕ್ಕಿದ್ದನ್ನೆಲ್ಲ ಓದಿದೆ. ಔಡಲದ ಮೇಣ ಒಂದು ಕಡೆ ಸಿಕ್ಕಿತು, ರಾಳ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಸಿಗಲಿಲ್ಲ. ಖುಷಿಯಾಯ್ತು. ಕರಡಿನಲ್ಲಿ ಧೈರ್ಯವಾಗಿ ಬರೆದೆ: ‘ಖನಿಜದ ಪುಡಿಗೆ ಔಡಲದ ಎಣ್ಣೆಯ ಅಂಶ ಮತ್ತು ಮರದ ರಾಳ ಎರಡನ್ನೂ ಕೂಡಿಸಿ ಅಚ್ಚಿಗೆ ತಕ್ಕ ಹದ ತರುವುದು ಅರ್ಜಿದಾರರಿಗಿಂತ ಮೊದಲು ಎಲ್ಲಿಯೂ, ಯಾರಿಗೂ ತಿಳಿದಿರಲಿಲ್ಲ.’

ಇದೇ ಆ ವಾಕ್ಯ. ನಮ್ಮ ಮೇಡಂಗೆ ಮೇಲ್ ಮಾಡಿ, ಅವತ್ತೇ ರಾತ್ರಿ ಯಶವಂತಪುರದಲ್ಲಿ ಬೀದರ್ ರೈಲು ಹತ್ತಿದೆ. ಔರಾದಿನಲ್ಲಿ ಸೋದರಮಾವನ ಮಗಳ ಮದುವೆ. ಹೊರಡುವಾಗ ಮೇಡಂ, ‘ಬೀದರಿಗೆ ಹೋಗ್ತಿದ್ದೀಯ, ನನಗೊಂದು ಸಣ್ಣ ಬಿದರಿ ಹೂದಾನಿ ತಗೊಂಡು ಬಾ’ ಅಂದಿದ್ದರು.

ಭಾಲ್ಕಿಯಲ್ಲಿ ನಮ್ಮ ಮನೆ. ಅಪ್ಪ ನಿವೃತ್ತ ಮೇಷ್ಟ್ರು. ಅವರ ಬಾಯಲ್ಲಿ ಎಲ್ಲ ಮಾತೂ ಕಡೆಗೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರಿಗೆ ಬಂದು ನಿಲ್ಲುತ್ತದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ‘ಬೋರ್ಡ್ ಮ್ಯಾಲ ಬರದದ್ದಷ್ಟೇ ಓದಿದವ್ರಿಗಿ ಒಳಗ ಕನ್ನಡ ಅದ ಅಂತ ಗೊತ್ತೇ ಆಗಲಿಲ್ಲ ನೋಡ್’ ಅಂತ ಈ ಸಲವೂ ಹೇಳಿದರು. ನೂರು ಸಲ ಕೇಳಿದ ಮಾತು. ಹ್ಞೂಂ ಅಂದು ಸುಮ್ಮನಾದೆ.

ಮರುದಿನ ಔರಾದಿಗೆ. ಮಾವನ ಮನೆ ಹಿತ್ತಲಲ್ಲಿ ಮದುವೆ ಅಡುಗೆಗೆ ಸಿಲಿಂಡರ್ ಸಾಲುಗಟ್ಟಿ ನಿಂತಿದ್ದವು. ಮೂಲೆಯಲ್ಲಿ ಮಾತ್ರ ಒಂದು ಹಳೇ ಮಣ್ಣಿನ ಒಲೆ. ಆಯಿ ಹಾಕಿದ್ದು. ಆಯಿ ಅಂದರೆ ಅವ್ವನ ಅವ್ವ, ತೀರಿಕೊಂಡು ಹನ್ನೆರಡು ವರ್ಷವಾಯ್ತು. ಒಲೆ ಇನ್ನೂ ಇದೆ, ಒಂದು ಬಿರುಕಿಲ್ಲ.

ನಿಮಗೆ ಎರೆ ಮಣ್ಣು ಗೊತ್ತಲ್ಲ? ಬೇಸಿಗೆಯಲ್ಲಿ ಔರಾದಿನ ಹೊಲಕ್ಕೆ ಹೋದರೆ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಟ್ಟಿರುತ್ತದೆ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆ ಮಣ್ಣಿನಲ್ಲಿ ಒಲೆ ಹಾಕಿ, ಬೆಂಕಿ ಇಟ್ಟು, ಬಿರಿಯದ ಹಾಗೆ ಮಾಡುವುದು ಸಣ್ಣ ಮಾತಲ್ಲ. ಆಯಿ ಅದಕ್ಕೆ ಹೊಟ್ಟು ಹಾಕುತ್ತಿದ್ದಳು, ದೇವಣಿ ಆಕಳ ಹೆಂಡಿ ಹಾಕುತ್ತಿದ್ದಳು, ಒಲೆಯ ಬೂದಿ ಜರಡಿ ಹಿಡಿದು ಹಾಕುತ್ತಿದ್ದಳು. ತುಳಿದು, ಒಂದು ರಾತ್ರಿ ಕೊಳೆಯಲು ಬಿಟ್ಟು, ಮತ್ತೆ ತುಳಿಯುವುದು. ನಾನು ಚಿಕ್ಕವನಿದ್ದಾಗ ತುಳಿಯುವ ಕೆಲಸ ನನ್ನದೇ. ‘ಹೊಟ್ಟು ಯಾಕ ಆಯಿ?’ ಅಂದರೆ, ‘ಅದು ಸುಟ್ಟು ಹೋಗಿ ದಾರಿ ಬಿಡ್ತದ, ಉಸಿರಾಡ್ಲಿಕ್ಕ’ ಅನ್ನುತ್ತಿದ್ದಳು.

ಆ ಒಲೆಯ ಮುಂದೆ ನಿಂತಾಗ ಯಾಕೋ ಹೊಟ್ಟೆಯಲ್ಲಿ ಚುರುಕ್ ಅಂತು. ಅಂಟು ಸುಟ್ಟು ಹೋಗುವಾಗ ಒಳಗಿನ ಆವಿಗೆ ದಾರಿ ಬೇಕು ಅಂತ ನಾನು ಅದೇ ವಾರ ನಾಲ್ಕು ಪುಟ ಬರೆದಿದ್ದೆ, ಜಪಾನಿನ ಒಂದು ದಾಖಲೆಯ ಆಧಾರ ಕೊಟ್ಟು! ಆದರೂ ಒಲೆ ಬೇರೆ, ನನ್ನ ಫೈಲು ಬೇರೆ ಅಂತ ಸಮಾಧಾನ ಮಾಡಿಕೊಂಡೆ. ಇಲ್ಲಿ ಔಡಲವೂ ಇಲ್ಲ, ರಾಳವೂ ಇಲ್ಲ.

ಔಡಲ, ರಾಳ ಎರಡೂ ಇದ್ದದ್ದು ಬೀದರಿನಲ್ಲಿ.

ವಾಪಸಾಗುವ ದಿನ ರೈಲಿಗೆ ಇನ್ನೂ ಹೊತ್ತಿತ್ತು. ಚೌಬಾರಾದ ಕಡೆ ನಡೆದೆ. ಅಲ್ಲಿಂದ ಕೋಟೆ ದಾರಿ ಹಿಡಿದರೆ ಮಹಮೂದ್ ಗಾವಾನನ ಮದರಸಾ ಸಿಗುತ್ತದೆ. 1472ರದ್ದು. ಗೋಡೆಯ ಮೇಲೆ ಅಲ್ಲಲ್ಲಿ ನೀಲಿ ಹಸಿರು ಹೊಳಪಿನ ಹೆಂಚು ಇನ್ನೂ ಉಳಿದಿವೆ. ಅವೂ ಸಿರಾಮಿಕ್ಕೇ! ಐನೂರು ಚಿಲ್ಲರೆ ವರ್ಷದ ಮಳೆ ಬಿಸಿಲು ತಿಂದು ಬಣ್ಣ ಬಿಟ್ಟಿಲ್ಲ. ಪಿಯುಸಿ ಓದುವಾಗ ಎರಡು ವರ್ಷ ಅದರ ಮುಂದೆಯೇ ಸೈಕಲ್ ತುಳಿದಿದ್ದೇನೆ, ಒಂದು ದಿನ ನಿಂತು ನೋಡಿದ ನೆನಪಿಲ್ಲ.

ನಮ್ಮ ಕ್ಲಾಸಿನ ಗೆಳೆಯನೊಬ್ಬನ ಅಪ್ಪ ಬಿದರಿ ಕೆಲಸಗಾರರು. ನಾವೆಲ್ಲ ಚಾಚಾ ಅಂತಲೇ ಕರೆಯುವುದು. ಗೆಳೆಯ ಈಗ ಹೈದರಾಬಾದಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಚಾಚಾ ಮಾತ್ರ ಅದೇ ಕೋಣೆ, ಅದೇ ಚಾಪೆ.

‘ಬಾ ಬೇಟಾ, ಕುಂದ್ರು. ಅಪ್ಪ ಆರಾಮ್ ಅದಾರಿಲ್ಲ?’

ಹೂದಾನಿ ಬೇಕು ಅಂದೆ. ‘ತಯಾರಿದ್ದದ್ದು ಒಯ್ತಿ ಏನು, ಇಲ್ಲಾ ಎರಕ ಹೊಯ್ಯೋದು ನೋಡ್ತಿ?’ ಅಂದರು. ಹೊತ್ತಿತ್ತು. ನೋಡುತ್ತೇನೆ ಅಂದೆ.

ಬಿದರಿಯ ಕಪ್ಪು, ಬೆಳ್ಳಿ ಕುಸುರಿ, ಕೋಟೆ ಮಣ್ಣು, ಇವೆಲ್ಲ ನೀವು ಓದಿರುತ್ತೀರಿ. ಸುಮಾರು ಹದಿನಾರು ಪಾಲು ಜಸ್ತ್, ಅಂದರೆ ಸತುವು, ಒಂದು ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪು ಮಾಡಿಕೊಂಡು, ಮೊಳೆಯಿಂದ ಚಿತ್ರ ಕೊರೆದು, ಬೆಳ್ಳಿಯ ತಂತಿ, ತಗಡು ಕೂಡಿಸಿ, ಕಡೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿದ್ದನ್ನು ಬಿಸಿ ಮೈಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಲಂಡನ್ನಿನ ಇಬ್ಬರು ಮ್ಯೂಸಿಯಂ ವಿಜ್ಞಾನಿಗಳು, ಸುಸಾನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್, 1987ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಆ ಕಪ್ಪಿಗೆ ಲೋಹದೊಳಗಿನ ಚೂರು ತಾಮ್ರವೇ ಮುಖ್ಯ ಅಂತ. ಕಪ್ಪಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದರೆ ಎರಕ ಹೊಯ್ಯುವ ಸಾಂಚಾದ ಮಣ್ಣನ್ನು ಕೇಳುವವರು ಕಡಿಮೆ. ಅದು ಹೂದಾನಿಯೊಳಗೆ ಉಳಿಯುವುದಿಲ್ಲವಲ್ಲ!

ಚಾಚಾ ಒಂದು ತಟ್ಟೆಯಲ್ಲಿ ಕೆಂಪು ಮಣ್ಣು ಹರಡಿದರು. ಜರಡಿ ಹಿಡಿದ ಮಣ್ಣು, ಕುಂಕುಮದಷ್ಟು ನುಣ್ಣಗೆ. ಅದರ ಮೇಲೆ ಪುಡಿ ಮಾಡಿದ ಏನನ್ನೋ ಉದುರಿಸಿದರು. ಆಮೇಲೆ ಡಬ್ಬಿಯಿಂದ ಎಣ್ಣೆ. ವಾಸನೆ ಮೂಗಿಗೆ ಬಡಿಯಿತು. ಸಣ್ಣವನಿದ್ದಾಗ ಪ್ರತಿ ಬೇಸಿಗೆಯಲ್ಲಿ ಅವ್ವ ಹೊಟ್ಟೆ ಸ್ವಚ್ಛ ಮಾಡಲು ಕುಡಿಸುತ್ತಿದ್ದ ಅದೇ ವಾಸನೆ.

‘ಔಡಲೆಣ್ಣಿ ಏನ್ ಚಾಚಾ?’

‘ಮತ್ತೇನು? ನೀರು ಹಾಕಿದ್ರ ಜಸ್ತ್ ಸಿಡಿತದ. ಮೈ ಮ್ಯಾಲ ಗುಳ್ಳಿ ಏಳ್ತಾವ. ಎಣ್ಣಿ ಆದ್ರ ಸುಮ್ನಿರ್ತದ.’

‘ಆ ಪುಡಿ?’

‘ರಾಳ.’

ನಾನು ಬಾಯಿ ಮುಚ್ಚಿಕೊಂಡು ಕೂತೆ. ಸಣ್ಣ ಖನಿಜದ ಪುಡಿ. ಔಡಲದ ಎಣ್ಣೆ. ಮರದ ರಾಳ. ಅಚ್ಚಿಗೆ ತಕ್ಕ ಹದ. ನಾನು ಬರೆದ ವಾಕ್ಯದ ಒಂದೊಂದೇ ಪದ ಎದುರಿನ ತಟ್ಟೆಯಲ್ಲಿ ಬಿದ್ದಿತ್ತು. ‘ಎಲ್ಲಿಯೂ, ಯಾರಿಗೂ ತಿಳಿದಿರಲಿಲ್ಲ.’ ಬರೆದವನು ಯಾರು? ಭಾಲ್ಕಿಯವನು. ಬೀದರಿನಲ್ಲಿ ಪಿಯುಸಿ ಓದಿದವನು. ಇದೇ ಕೋಣೆಯಲ್ಲಿ ಕೂತು ಚಾಚಿಯ ಕೈಯ ಚಹಾ ಕುಡಿದವನು.

‘ಎಷ್ಟು ಎಣ್ಣಿ, ಎಷ್ಟು ರಾಳ?’ ಅಂತ ಕೇಳಿದೆ. ನನ್ನ ಕಸುಬಿನ ಪ್ರಶ್ನೆ. ನಮ್ಮಲ್ಲಿ ‘50ರಿಂದ 60’ ಅಂತ ಬರೆಯದೆ ನಡೆಯುವುದಿಲ್ಲ.

ಚಾಚಾ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದರು. ಬಿಡಿಸಿದಾಗ ಬೆರಳಿನ ಗೆರೆಗಳೆಲ್ಲ ಮೂಡಿದ ಒಂದು ಮುದ್ದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮುರಿದರು. ಸರಿಯಾಗಿ ಎರಡು ತುಂಡು.

‘ಹಿಡದ್ರ ಮುದ್ದಿ ಆಗಬೇಕು, ಮುರದ್ರ ಎರಡೇ ಆಗಬೇಕು. ಮೂರಾದ್ರ ಎಣ್ಣಿ ಕಮ್ಮಿ. ಕೈಗಿ ಮೆತ್ತಿದ್ರ ಜಾಸ್ತಿ. ಮಳಿಗಾಲದಾಗ ಒಂದು ಥರಾ, ಬ್ಯಾಸಿಗ್ಯಾಗ ಒಂದು ಥರಾ. ಇದಕ್ಕ ಲೆಕ್ಕ ಎಲ್ಲಿಂದ ತರ್ಲಿ?’

ನಾನು ವರ್ಷಗಟ್ಟಲೆ ಕಾಗದದ ಮೇಲೆ ಕರೆದು ಕೂರಿಸುತ್ತಿದ್ದ ‘ಕಸುಬು ಬಲ್ಲವ’ ಎದುರಿಗೇ ಕೂತಿದ್ದ. ಅವನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು.

ಎರಡು ಭಾಗದ ಚೌಕಟ್ಟಿನಲ್ಲಿ ಮಣ್ಣು ತುಂಬಿ, ಮಾದರಿ ಒತ್ತಿ ತೆಗೆದು, ಕರಗಿದ ಲೋಹ ಹೊಯ್ದರು. ಸ್ವಲ್ಪ ಹೊಗೆ ಬಂತು, ಅಷ್ಟೇ. ಆರಿದ ಮೇಲೆ ಮಣ್ಣು ಒಡೆದು ಹೂದಾನಿಯ ಮೈ ತೆಗೆದರು. ಅದರ ಕಪ್ಪು, ಕುಸುರಿ ಎಲ್ಲ ಇನ್ನೂ ದಿನಗಟ್ಟಲೆ ಕೆಲಸ. ನಾನು ಹೇಗೂ ತಯಾರಿದ್ದ ಇನ್ನೊಂದನ್ನೇ ಕೊಂಡೆ.

ಚಹಾ ಬಂತು. ನನ್ನ ಕೆಲಸ ಏನು ಅಂತ ಚಾಚಾಗೆ ಮೊದಲ ಸಲ ಪೂರ್ತಿ ಹೇಳಿದೆ, ವಾಕ್ಯದ ವಿಷಯ ಸಹಿತ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಅವರು ಕೇಳಿದ್ದು ಬೇರೆ.

‘ಹಂಗಾದ್ರ ಈ ಮಣ್ಣಿಂದು ನನ್ನ ಹೆಸರಿಲೆ ಮಾಡಿಸಿ ಕೊಡ್ತಿ ಏನು?’

ಇದಕ್ಕೆ ಉತ್ತರ ಹೇಳುವುದು ವಾಕ್ಯ ಒಪ್ಪಿಕೊಳ್ಳುವುದಕ್ಕಿಂತ ಕಷ್ಟವಾಯ್ತು. ನಮ್ಮ ಪೇಟೆಂಟ್ ಕಾಯ್ದೆ 1970ರದ್ದು. ಅದಕ್ಕೆ ಆಮೇಲೆ ಸೇರಿಸಿದ ಕಲಂ 3(ಪಿ) ಪ್ರಕಾರ, ಪರಂಪರೆಯಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಇಲ್ಲ. ಹೊರಗಿನವರಿಗೂ ಇಲ್ಲ, ಚಾಚಾಗೂ ಇಲ್ಲ.

‘ನಿಮ್ಮ ಅಬ್ಬಾಗ ಗೊತ್ತಿತ್ತಲ್ಲ ಚಾಚಾ, ಅದಕ್ಕ ನಿಮ್ಮದಂತ ಬರಿಲಿಕ್ಕ ಬರಂಗಿಲ್ಲ.’

‘ಅಬ್ಬಾಂದೂ ಅಲ್ಲ, ಅವರ ಅಬ್ಬಾಂದು. ಮತ್ತ ಯಾರದಿದು?’

‘ಯಾರದ್ದೂ ಅಲ್ಲ.’

‘ಅಂದ್ರ ಯಾರು ಬಂದ್ರೂ ಒಯ್ಯಬಹುದು.’

‘ಒಯ್ಯಬಹುದು. ನಂದು ಅಂತ ಹೇಳಂಗಿಲ್ಲ.’

ಚಾಚಾ ನಕ್ಕರು. ಅದು ಖುಷಿಯ ನಗುವಲ್ಲ. ಗೋಡೆಯ ಕಡೆ ಕೈ ತೋರಿಸಿ, ‘ಅದು ಜಿಐ ಅಂತಾರಲ್ಲ, ಅದು?’ ಅಂದರು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ. ಬೇರೆ ಕಡೆ ಮಾಡಿದ್ದನ್ನು ಬಿದರಿ ಅಂತ ಮಾರುವಂತಿಲ್ಲ. ಮಣ್ಣಿನ ಹದವನ್ನು ಅದು ಕಾಯುವುದಿಲ್ಲ. ತಮಾಷೆ ಅಂದರೆ ಜಿಐ ನೋಂದಣಿ ಕಚೇರಿ, ನಮ್ಮ ದಕ್ಷಿಣದ ಪೇಟೆಂಟ್ ಕಚೇರಿ ಎರಡೂ ಚೆನ್ನೈನ ಗಿಂಡಿಯಲ್ಲಿ ಒಂದೇ ಕಟ್ಟಡದಲ್ಲಿವೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಇಡೀ ಓಣಿ ಸಂಭ್ರಮಪಟ್ಟಿತ್ತು. ಗೌರವ ಬಂತು, ಹೆಸರಿಗೆ ಕಾವಲೂ ಬಂತು. ಆದರೂ ‘ಎಲ್ಲಿಯೂ, ಯಾರಿಗೂ ತಿಳಿದಿರಲಿಲ್ಲ’ ಅಂತ ನನ್ನಂಥವನೊಬ್ಬ ಬರೆಯುವುದನ್ನು ಅವೆರಡೂ ತಡೆಯಲಿಲ್ಲ.

ರೈಲಿನಲ್ಲಿ ನಿದ್ದೆ ಬರಲಿಲ್ಲ. ಅರಿಶಿನದ ಕಥೆ ನೆನಪಾಗುತ್ತಿತ್ತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ ತಕರಾರು ಹೂಡಿ 1997ರಲ್ಲಿ ಅದು ರದ್ದಾಯಿತು. ಹೇಗೆ ರದ್ದಾಯಿತು? ನಮ್ಮ ಅಜ್ಜಿಯರು ಹಚ್ಚುತ್ತಿದ್ದರು ಅಂದದ್ದಕ್ಕಲ್ಲ. ಹಳೆಯ ಗ್ರಂಥಗಳು, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ, ಹೀಗೆ ಅಚ್ಚಾದ ಕಾಗದ ತೋರಿಸಿದ್ದಕ್ಕೆ. ಆಗಿನ ಅಮೆರಿಕದ ಕಾನೂನು ಹಾಗಿತ್ತು: ಹೊರದೇಶದಲ್ಲಿ ಜನ ಬಳಸುತ್ತಿದ್ದದ್ದು ಲೆಕ್ಕಕ್ಕಿಲ್ಲ, ಅಚ್ಚಾಗಿದ್ದರೆ ಮಾತ್ರ ಲೆಕ್ಕ. 2013ರ ಮಾರ್ಚಿನಿಂದ ಅದು ಬದಲಾಗಿದೆ. ನಮ್ಮ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಕಲಂ 25(1)(ಕೆ) ಪ್ರಕಾರ, ಯಾವುದೋ ಒಂದು ಊರಿನ ಸಮುದಾಯದಲ್ಲಿ ಬಾಯಿಮಾತಿನಲ್ಲೇ ಇರುವ ತಿಳಿವಳಿಕೆಯನ್ನೂ ಮುಂದಿಟ್ಟು ಪೇಟೆಂಟ್ ಅರ್ಜಿಯನ್ನು ವಿರೋಧಿಸಬಹುದು.

ಕಾನೂನು ಚೆನ್ನಾಗಿದೆ. ಆದರೆ ಆ ಬಾಯಿಯನ್ನು ಯಾರು ಕೇಳುತ್ತಾರೆ? ಪರೀಕ್ಷಕರು ಕೂತಿರುವುದು ಕಂಪ್ಯೂಟರ್ ಮುಂದೆ, ನಾನೂ ಅಲ್ಲೇ. ಆಯುರ್ವೇದ, ಯುನಾನಿ, ಸಿದ್ಧ, ಯೋಗಕ್ಕೆ ಸರಕಾರ ದೊಡ್ಡ ಡಿಜಿಟಲ್ ಭಂಡಾರ ಮಾಡಿದೆ, ಪರೀಕ್ಷಕರು ಅದರಲ್ಲಿ ಹುಡುಕಬಲ್ಲರು. ಎರಕದ ಮಣ್ಣು, ಒಲೆಯ ಮಣ್ಣು ಔಷಧಿಯಲ್ಲವಲ್ಲ. ಅಪ್ಪನ ಬೋರ್ಡಿನ ಮಾತು ಆಗ ತಲೆಗೆ ಹೊಕ್ಕಿತು. ನಾನು ಮೂರು ದಿನ ಓದಿದ್ದು ಬರೀ ಬೋರ್ಡುಗಳನ್ನು.

ಆಫೀಸಿಗೆ ಹೋದವನೇ ಮೇಡಂ ಮುಂದೆ ಹೂದಾನಿ ಇಟ್ಟು, ಆ ವಾಕ್ಯ ತೆಗೆಯಬೇಕು ಅಂದೆ. ಎಲ್ಲ ಕೇಳಿಸಿಕೊಂಡರು.

‘ಕಾಗದ ಇದೆಯಾ? ತಾರೀಖು?’

‘ಇಲ್ಲ ಮೇಡಂ. ಕಣ್ಣಾರೆ ನೋಡಿ ಬಂದೆ.’

‘ಅದನ್ನು ಹುಡುಕೋದು ಎದುರಿನವರ ಕೆಲಸ, ನಮ್ಮದಲ್ಲ. ಮೇಲಾಗಿ ಅದು ಲೋಹ ಹೊಯ್ಯುವ ಅಚ್ಚು. ನಮ್ಮದರಲ್ಲಿ ಪುಡಿಯೇ ವಸ್ತುವಾಗುತ್ತೆ. ಎರಡೂ ಒಂದೇ ಅಲ್ಲ.’

ಅವರು ಹೇಳಿದ್ದು ನಿಜ. ಚಾಚಾರ ಮಣ್ಣು ಇನ್ನೊಂದಕ್ಕೆ ಆಕಾರ ಕೊಟ್ಟು ತಾನು ಒಡೆದು ಹೋಗುತ್ತದೆ. ಕಕ್ಷಿದಾರರ ಪುಡಿ ತಾನೇ ಆಕಾರ ತಾಳಿ, ಅಂಟು ಕಳೆದುಕೊಂಡು, ಭಟ್ಟಿಯಲ್ಲಿ ಗಟ್ಟಿಯಾಗುತ್ತದೆ. ಬಿದರಿಯ ಸಾಂಚಾ ಒಂದರಿಂದಲೇ ಅವರ ಅರ್ಜಿ ಬಿದ್ದು ಹೋಗುವುದಿಲ್ಲ. ಅದನ್ನು ಒಪ್ಪಿಕೊಂಡೆ.

‘ಆದರೆ ಮೇಡಂ, ಆ ವಾಕ್ಯದಲ್ಲಿ ಎಲ್ಲಿಯೂ, ಯಾರಿಗೂ ಅಂತಿದೆ. ಅದು ಸುಳ್ಳು. ನನಗೆ ಗೊತ್ತಾದ ಮೇಲೂ ಅದು ಹೋದರೆ, ನಾನು ಗೊತ್ತಿದ್ದೇ ಸುಳ್ಳು ಕಳಿಸಿದ ಹಾಗೆ.’

ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ತೆಗಿ. ಆ ಜಾಗದಲ್ಲಿ ಏನು ಇಡ್ತೀಯ?’ ಅಂದರು.

ಅದು ಸರಿಯಾದ ಪ್ರಶ್ನೆ. ಸುಳ್ಳು ತೆಗೆದ ಕೂಡಲೇ ನಿಜ ತಾನಾಗಿ ಬಂದು ಕೂರುವುದಿಲ್ಲ. ಎರಡು ವಾರ ಕಕ್ಷಿದಾರರ ಪ್ರಯೋಗಾಲಯದ ಪುಸ್ತಕಗಳನ್ನು ತರಿಸಿ ಓದಿದೆ. ಅಲ್ಲಿ ನಿಜವಾದ ಕೆಲಸ ಇತ್ತು. ಅವರ ಮೇಣ, ರಾ­ಳ ಎರಡೂ ಬೇರೆ ಬೇರೆ ಶಾಖದಲ್ಲಿ ಹೊರಡುತ್ತವೆ. ಒಂದು ಮೊದಲು ಹೋಗಿ ದಾರಿ ಬಿಡುತ್ತದೆ, ಇನ್ನೊಂದು ಆಮೇಲೆ ಆ ದಾರಿಯಲ್ಲಿ ಹೋಗುತ್ತದೆ. ಇಂಥದ್ದೇ ಪಾಲು, ಇಂಥದ್ದೇ ನಿಧಾನ ಇದ್ದಾಗ ಮಾತ್ರ ತುಣುಕು ಬಿರಿಯುವುದಿಲ್ಲ ಅಂತ ಒಂದೊಂದಾಗಿ ಮಾಡಿ, ಒಡೆದದ್ದನ್ನೂ ಬರೆದಿಟ್ಟಿದ್ದರು. ನಮ್ಮ ಆಯಿ ‘ದಾರಿ ಬಿಡ್ತದ’ ಅಂದಿದ್ದು ನೆನಪಾಗಿ ನಗು ಬಂತು. ತತ್ವ ಹಳೆಯದು, ಆದರೆ ಆ ಪುಡಿಗೆ, ಆ ಪಾಲಿಗೆ, ಆ ಲೆಕ್ಕ ಅವರದ್ದೇ.

ನಮ್ಮ ಕಾನೂನಿನಲ್ಲಿ ಹಕ್ಕು ಕೇಳಿದ ಸಾಲನ್ನು ಕುಗ್ಗಿಸಬಹುದು, ಹಿಗ್ಗಿಸುವಂತಿಲ್ಲ. ಕುಗ್ಗಿಸಿದೆವು. ಔಡಲ ಮತ್ತು ರಾಳ ಅಂದರೆಲ್ಲ ನಮ್ಮದು ಅನ್ನುವ ದೊಡ್ಡ ಬೇಲಿ ಹೋಗಿ, ಅವರು ನಿಜವಾಗಿ ದುಡಿದ ಒಂದು ಸಣ್ಣ ತುಂಡು ನೆಲ ಉಳಿಯಿತು. ಕಕ್ಷಿದಾರರಿಗೆ ಸಿಟ್ಟು ಬಂತು. ಫೋನಿನಲ್ಲಿ ‘ನೀವು ಯಾರ ಪರ?’ ಅಂತ ಕೇಳಿದರು. ಮುಂದಿನ ಕೆಲಸ ನಮಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಉತ್ತರ ಹೋಗಿದೆ, ವಿಚಾರಣೆ ಬಾಕಿ ಇದೆ.

ಇನ್ನೊಂದು ಕೆಲಸ ಉಳಿದಿತ್ತು. ಚಾಚಾಗೆ ಫೋನ್ ಮಾಡಿದೆ. ‘ನಿಮ್ಮ ಮಣ್ಣಿನ ಹದ ತಾರೀಖು ಹಾಕಿ ಎಲ್ಲರಿಗೂ ಕಾಣೋ ಹಂಗ ಬರದಿಡ್ಲಾ? ಬರದಿಟ್ರ ನಾಳೆ ನನ್ನಂಥವ ಯಾರಾದರೂ ಹುಡುಕಿದಾಗ ಸಿಗ್ತದ. ಆದ್ರ ಬರದ್ರ ಎಲ್ಲರಿಗೂ ಗೊತ್ತೂ ಆಗ್ತದ. ನೀವು ಬ್ಯಾಡಂದ್ರ ಬರಿಯಂಗಿಲ್ಲ.’

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಯಾರೋ ಅರ ಉಜ್ಜುವ ಸದ್ದು ಕೇಳುತ್ತಿತ್ತು.

‘ಸಾಂಚಾದ ಮಣ್ಣು ಬರಿ ಬೇಟಾ. ಅದು ಓಣಿಗೆಲ್ಲ ಗೊತ್ತಿದ್ದದ್ದೇ. ಕೋಟಿ ಮಣ್ಣು ಎಲ್ಲಿಂದ ತರ್ತೀನಿ, ನಾಲಿಗಿ ಮ್ಯಾಲ ಇಟ್ಟಾಗ ಹ್ಯಾಂಗಿರಬೇಕು, ಅದು ಬರೀಬ್ಯಾಡ. ಅದು ನನ್ನ ಮಗ ಬಂದ್ರ ಅವಂಗ ಹೇಳ್ತೀನಿ.’

‘ನಿಮ್ಮ ಹೆಸರು?’

‘ಹೆಸರು ಯಾಕ? ಯಾರದ್ದೂ ಅಲ್ಲಂತ ನೀನೇ ಹೇಳಿದಿ.’

ಹಾಗಾಗಿ ಬರೆಯುತ್ತಿದ್ದೇನೆ. ಬೀದರಿನಲ್ಲಿ ಬಿದರಿ ಎರಕದ ಸಾಂಚಾಕ್ಕೆ ಕೆಂಪು ಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ಪುಡಿ ಮಾಡಿದ ರಾಳ ಮತ್ತು ಔಡಲೆಣ್ಣೆ ಸೇರಿಸಿ ಕಲಸುತ್ತಾರೆ. ನೀರು ಹಾಕುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಗೆರೆ ಮೂಡಬೇಕು, ಮುರಿದರೆ ಎರಡೇ ತುಂಡಾಗಬೇಕು, ಕೈಗೆ ಮೆತ್ತಬಾರದು. ಮಳೆಗಾಲಕ್ಕೂ ಬೇಸಿಗೆಗೂ ಎಣ್ಣೆಯ ಪಾಲು ಬೇರೆ. ಇದು ಹೇಳಿದವರ ಅಜ್ಜನ ಕಾಲದಿಂದಲೂ ಹೀಗೇ ನಡೆದಿದೆ.

ತಾರೀಖು ಮೇಲಿದೆ.

ನಿಮ್ಮ ಊರಿನಲ್ಲೂ ಇಂಥವರು ಇರುತ್ತಾರೆ. ಕುಂಬಾರರು, ಕಮ್ಮಾರರು, ಒಲೆ ಹಾಕುವ ಅಜ್ಜಿಯರು. ಅವರ ಕೈಯಲ್ಲಿರುವುದನ್ನು ಕನ್ನಡದಲ್ಲಿ, ತಾರೀಖು ಹಾಕಿ ಬರೆದಿಡಿ. ಬರೆಯುವ ಮೊದಲು ಅವರನ್ನು ಕೇಳಿ. ಬೇಡ ಅಂದದ್ದನ್ನು ಬಿಟ್ಟುಬಿಡಿ.